ಒಕ್ಕಲು ಮಕ್ಕಳ ಪಾಠಶಾಲೆ: ದಿನಕರ ದೇಸಾಯಿಯವರ ಶಿಕ್ಷಣಕಾರ್ಯ

ಚುಟುಕಗಳ ಕವಿಯೆಂದು ಕನ್ನಡನಾಡು ನೆನೆಯುವ ದಿನಕರ ದೇಸಾಯಿಯವರು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಮಾಡಿದ ಉಪಕಾರವು ಅವರ ಚೌಪದಿಗಳಿಗಿಂತಲೂ ಹಿರಿದಾದುದು. ಬಡವನ ಹೊಲದ ಪ್ರಶ್ನೆಯಿಂದ ಹೊರಟು ಬಡವನ ಮಗನ ಪಾಟಿಯವರೆಗೆ ಅವರು ನಡೆದು ಬಂದ ದಾರಿಯು ವಿಚಾರಯೋಗ್ಯವಾಗಿದೆ.

1909ರಲ್ಲಿ ಅಂಕೋಲಾ ತಾಲೂಕಿನಲ್ಲಿ ಜನಿಸಿದ ದೇಸಾಯಿಯವರು ಮುಂಬಯಿಯಲ್ಲಿ ಇತಿಹಾಸದ ಎಂ.ಎ. ಪದವಿಯನ್ನೂ ಕಾನೂನು ಪದವಿಯನ್ನೂ ಪಡೆದರು. ವಿಜಯನಗರದ ಮಹಾಮಂಡಲೇಶ್ವರರು ಅವರ ಅಧ್ಯಯನದ ವಿಷಯ. ವಕೀಲಿ ಹಿಡಿದಿದ್ದರೆ ಸುಖವಾಗಿ ಬಾಳಬಹುದಾಗಿತ್ತು. ಅವರಾದರೋ ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ಭಾರತ ಸೇವಕ ಸಮಾಜವನ್ನು ಸೇರಿದರು. ಜಾತಿಮತಗಳ ಭೇದವೆಣಿಸದೆ ಎಲ್ಲರನ್ನೂ ಸೋದರರಂತೆ ಕಾಣುವುದು, ತನಗಾಗಿ ಹಣ ಗಳಿಸಲು ಶಕ್ತಿಯನ್ನು ವ್ಯಯಿಸದಿರುವುದು, ಇವು ಆ ಸಮಾಜದ ಸದಸ್ಯರು ತೊಡುವ ಪ್ರತಿಜ್ಞೆಗಳಲ್ಲಿ ಸೇರಿವೆ. ವ್ರತವೆಂಬ ಶಬ್ದದ ಭಾರವನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ.

ಆ ಕಾಲದಲ್ಲಿ ಕರಾವಳಿಯ ಗದ್ದೆಗಳನ್ನು ಉಳುತ್ತಿದ್ದವರು ಬಹುಮಟ್ಟಿಗೆ ಒಕ್ಕಲುಗಳು. ಬೆಳೆಯ ದೊಡ್ಡ ಪಾಲು ಗೇಣಿಯಾಗಿ ಒಡೆಯರ ಕಣಜಕ್ಕೆ ಹೋಗುತ್ತಿತ್ತು. ದೇಸಾಯಿಯವರು ಈ ಒಕ್ಕಲುಗಳನ್ನು ಸಂಘಟಿಸಿ ರೈತಕೂಟದ ಚಳವಳಿಯನ್ನು ನಡೆಸಿದರು. ಉಳುವವನಿಗೇ ಹೊಲ ಸೇರಬೇಕೆಂಬ ಮಾತು ಅಂದು ಕೇಳಲು ಹಿತವಾದುದಾಗಿರಲಿಲ್ಲ. ಸರಕಾರವು ಅವರನ್ನು 1940ರಿಂದ ಐದು ವರ್ಷಗಳ ಕಾಲ ಜಿಲ್ಲೆಯಿಂದ ಗಡೀಪಾರು ಮಾಡಿತು. ಮುಂಬಯಿಯಲ್ಲಿಯೂ ಅವರು ಸುಮ್ಮನಿರಲಿಲ್ಲ. ಹಡಗುಗಳಲ್ಲಿ ದುಡಿಯುವವರ ಸಂಘಟನೆ ಅವರ ಕಾರ್ಯಕ್ಷೇತ್ರವಾಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಲಕ್ಷ್ಯವಿಟ್ಟು ನೋಡಬೇಕು. 1939ರ ಮುಂಬಯಿ ಗೇಣಿ ಕಾಯದೆಯು, 1938ರ ಜನವರಿ 1ಕ್ಕೆ ಮುಂಚೆ ಸತತವಾಗಿ ಆರು ವರ್ಷ ಜಮೀನು ಸಾಗಿಸಿದವನಿಗೆ ಸಂರಕ್ಷಿತ ಗೇಣಿದಾರನೆಂಬ ಹಕ್ಕನ್ನು ಕೊಟ್ಟಿತು. ಕಾಯದೆಯೇನೋ ಒಳ್ಳೆಯದೇ. ಆದರೆ ಆರು ವರ್ಷ ಉತ್ತಿದ್ದಕ್ಕೆ ಸಾಕ್ಷ್ಯವೇನು? ಭತ್ತ ಅಳೆದು ಕೊಟ್ಟವನ ಕೈಯಲ್ಲಿ ಪಾವತಿ ಇಲ್ಲ. ಇದ್ದರೂ ಅದರಲ್ಲಿ ಏನು ಬರೆದಿದೆಯೆಂದು ಅವನಿಗೆ ತಿಳಿಯದು. ನಮ್ಮ ಅತ್ತಿವೇರಿಯ ಸೀಮೆಯಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ನಮ್ಮ ಮನೆಯ ಹಳೆಯ ಖಾತೆ ಪುಸ್ತಕಗಳಲ್ಲಿ ಉದ್ರಿಯ ಕೆಳಗೆ ಸಾಲುಸಾಲಾಗಿ ಹೆಬ್ಬೆಟ್ಟಿನ ಗುರುತುಗಳಿವೆ. ಬರೆದವನು ಪ್ರಾಮಾಣಿಕನಾಗಿದ್ದರೆ ಒತ್ತಿದವನು ಬದುಕಿದ, ಇಲ್ಲವಾದರೆ ಇಲ್ಲ. ಓದುಬಾರದವನ ನ್ಯಾಯವು ಹೀಗೆ ಇನ್ನೊಬ್ಬನ ಸದ್ಗುಣವನ್ನು ನಂಬಿಕೊಂಡಿರುವುದು ಸಮಾಜಕ್ಕೆ ಭೂಷಣವಲ್ಲವೆಂದು ವ್ಯಾಪಾರಿಯಾದ ನಾನು ಹೇಳಲೇಬೇಕು.

ದೇಸಾಯಿಯವರಿಗೆ ಇದು ಮೊದಲಿನಿಂದಲೂ ಗೊತ್ತಿತ್ತೆಂದು ತೋರುತ್ತದೆ. ಚಳವಳಿಯ ಆ ದಿನಗಳಲ್ಲಿಯೇ, 1938ರಲ್ಲಿ, ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಗ್ರಂಥ ಬರೆದರು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು ಗೋಖಲೆಯವರು ತಂದ ಮಸೂದೆಯು 1912ರಲ್ಲಿ 38ಕ್ಕೆ 13 ಮತಗಳಿಂದ ಬಿದ್ದುಹೋಗಿತ್ತು. ಸಭೆಯಲ್ಲಿ ಸೋತ ಆ ಕಾರ್ಯವನ್ನು ಶಿಷ್ಯನು ಒಂದು ಜಿಲ್ಲೆಯ ಮಟ್ಟಿಗಾದರೂ ಕೈಗೆತ್ತಿಕೊಂಡನೆನ್ನಬಹುದು.

1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪನೆಯಾಯಿತು. ಆಗ ಹಳ್ಳಿಯ ಹುಡುಗನಿಗೆ ಪ್ರಾಥಮಿಕ ಶಾಲೆ ಸಿಕ್ಕರೂ ಹೈಸ್ಕೂಲು ದೂರದ ಮಾತು. ಊರು ಬಿಟ್ಟು ಬಿಡಾರ ಮಾಡಿ ಓದುವ ಶಕ್ತಿ ಉಳ್ಳವರಿಗೆ ಮಾತ್ರ ಇತ್ತು. ಹಾಲಕ್ಕಿ ಒಕ್ಕಲಿಗರ, ಮೀನುಗಾರರ ಮಕ್ಕಳಿಗೆ ಎಲ್ಲಿಂದ ಬರಬೇಕು? ಹುಡುಗನು ಶಾಲೆಯ ಬಳಿಗೆ ಹೋಗಲಾರದಿದ್ದರೆ ಶಾಲೆಯೇ ಅವನ ಬಳಿಗೆ ಬರಬೇಕೆಂಬಂತೆ ಟ್ರಸ್ಟಿನ ಪ್ರೌಢಶಾಲೆಗಳು ಸಣ್ಣ ಊರುಗಳಲ್ಲಿಯೂ ತೆರೆದವು. ಅನೇಕ ಶಾಲೆಗಳಿಗೆ ಇಟ್ಟ ಹೆಸರು ಜನತಾ ವಿದ್ಯಾಲಯ. ಗೋಖಲೆಯವರ ಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟೆನರಿ ಕಾಲೇಜು ಪ್ರಾರಂಭವಾಯಿತು. ಟ್ರಸ್ಟಿನ ಕಾರ್ಯವು ಘಟ್ಟವನ್ನೇರಿ ದಾಂಡೇಲಿಗೂ ಬಂದಿತು. ಕಾಗದದ ಕಾರಖಾನೆಯಿಂದ ಬೆಳೆದ ಆ ಊರಿನಲ್ಲಿ ನಾನಾ ಕಡೆಗಳಿಂದ ಕೂಲಿಯರಸಿ ಬಂದವರ ಮಕ್ಕಳಿಗೆ ಜನತಾ ವಿದ್ಯಾಲಯವು ಬಾಗಿಲು ತೆರೆಯಿತು.

1955ರಿಂದ ಅವರು ನಡೆಸಿದ 'ಜನಸೇವಕ' ವಾರಪತ್ರಿಕೆಯನ್ನೂ ನಾನು ಪಾಠಶಾಲೆಯೆಂದೇ ಎಣಿಸುತ್ತೇನೆ. ಶಾಲೆಯ ವಯಸ್ಸು ಮೀರಿದವರಿಗಾಗಿ ತೆರೆದ ಶಾಲೆ. 1967ರಲ್ಲಿ ಜಿಲ್ಲೆಯ ಜನರು ಯಾವ ಪಕ್ಷಕ್ಕೂ ಸೇರದ ಅವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದರು.

1974ರಲ್ಲಿ ಕರ್ನಾಟಕದ ತಿದ್ದುಪಡಿಯಾದ ಭೂಸುಧಾರಣೆ ಕಾಯದೆಯು ಜಾರಿಗೆ ಬಂದಾಗ ಪ್ರತಿಯೊಬ್ಬ ಗೇಣಿದಾರನೂ ನಮೂನೆ 7ರಲ್ಲಿ ಭೂನ್ಯಾಯಮಂಡಲಿಗೆ ಅರ್ಜಿ ಕೊಡಬೇಕಾಯಿತು. ಜನರ ಬಾಯಲ್ಲಿ ಅದು 'ಡಿಕ್ಲರೇಶನ್'. ಸರ್ವೆ ನಂಬರು, ಕ್ಷೇತ್ರ, ಒಡೆಯನ ಹೆಸರು ಎಲ್ಲವನ್ನೂ ತಪ್ಪಿಲ್ಲದೆ ತುಂಬಬೇಕು. 1953ರ ನಂತರ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹುಡುಗರು ಆ ಹೊತ್ತಿಗೆ ಮನೆಯ ಯಜಮಾನಿಕೆಗೆ ಬಂದಿದ್ದರು. ಅಂಥ ಮನೆಗಳಲ್ಲಿ ಅರ್ಜಿ ಬರೆಸಲು ಶ್ಯಾನುಭೋಗರ ಅಂಗಳದಲ್ಲಾಗಲಿ ಒಡೆಯನ ಗುಮಾಸ್ತನ ಎದುರಿನಲ್ಲಾಗಲಿ ಕಾಯಬೇಕಾದ ಪ್ರಮೇಯವಿರಲಿಲ್ಲ. 1982ರ ನವೆಂಬರದಲ್ಲಿ ತೀರಿಕೊಂಡ ದೇಸಾಯಿಯವರು ಬದುಕಿದ್ದಾಗಲೇ ಇದನ್ನು ಕಂಡರು.