ಒಂದೇ ತಂತಿ, ಎರಡು ಕರೆಂಟು

ನಮ್ಮ ಸಿರುಗುಪ್ಪ, ಕುರುಗೋಡು ಕಡೆಯವರಿಗೆ ರೈಲು ಅಂದ್ರೆ ಬಳ್ಳಾರಿ ಸ್ಟೇಷನ್ನೇ. ಟ್ರಾಮ್ ಅಂತೂ ಬಳ್ಳಾರಿಯಲ್ಲೂ ಇರಲಿಲ್ಲ. ಆದರೆ ನಮ್ಮ ರಾಜಧಾನಿಯಲ್ಲಿ ಇತ್ತು! ಬೆಂಗಳೂರಲ್ಲ ಸ್ವಾಮಿ, ಮದ್ರಾಸು. 1953ರ ತನಕ ನಾವು ಮದ್ರಾಸಿನವರೇ ಅಲ್ವಾ? ಅಲ್ಲಿ 1895ರಲ್ಲೇ ಕರೆಂಟಿನ ಟ್ರಾಮ್ ಓಡಿತು. 1931ರಲ್ಲಿ ಬೀಚ್-ತಾಂಬರಂ ರೈಲಿಗೂ 1500 ವೋಲ್ಟಿನ ಡಿಸಿ ಕರೆಂಟು ಬಂತು. ಟ್ರಾಮ್ 1953ರ ಏಪ್ರಿಲ್‌ನಲ್ಲಿ ನಿಂತಿತು. ಅದೇ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯ ಸೇರಿತು.

ಈ ತಾರೀಖುಗಳನ್ನು ನೋಡುವಾಗ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಹೊಕ್ಕಿತು. ಕರೆಂಟಿನ ಟ್ರಾಮೂ ಕರೆಂಟಿನ ರೈಲೂ ರಸ್ತೆ ಮಧ್ಯೆ ಒಂದನ್ನೊಂದು ದಾಟಬೇಕಾದರೆ ಏನು ಗತಿ? ಕೆಳಗೆ ಹಳಿಗೆ ಹಳಿ ಅಡ್ಡ ಹಾಕಬಹುದು. ಮೇಲಿನ ತಂತಿ? ಅದರಲ್ಲಿ ಯಾರ ಕರೆಂಟು?

ಇದಕ್ಕೆ ಉತ್ತರ ಸಿಕ್ಕಿದ್ದು ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ. ಅಲ್ಲಿ ಟ್ರಾಮಿಗೆ 600 ವೋಲ್ಟು. ಉಗಿಬಂಡಿ ಇದ್ದಷ್ಟು ಕಾಲ ತೊಂದರೆ ಇರಲಿಲ್ಲ, ಇಂಜಿನ್ನಿಗೆ ತಂತಿಯ ಹಂಗೇ ಇಲ್ಲವಲ್ಲ. 1919ರಿಂದ ಉಪನಗರದ ರೈಲುಗಳಿಗೆ 1500 ವೋಲ್ಟಿನ ಡಿಸಿ ಬಂತು ನೋಡಿ, ಜಗಳ ನೆಲದಿಂದ ಆಕಾಶಕ್ಕೆ ಏರಿತು. 600ರ ಟ್ರಾಮಿಗೆ 1500 ಹೋದರೆ ಎರಡೂವರೆ ಪಟ್ಟು! ಮೋಟಾರು ಸುಟ್ಟೇ ಹೋದೀತು.

ಅವರು ಕಂಡುಕೊಂಡ ಉಪಾಯ ಸರಳ. ದಾಟುವ ಜಾಗದ ಮೇಲೆ ತಂತಿಯ ಒಂದು ಚೌಕ ಮಾಡಿದರು. ನಾಲ್ಕೂ ಕಡೆ ಇನ್ಸುಲೇಟರ್ ಹಾಕಿ ಅಕ್ಕಪಕ್ಕದ ತಂತಿಗಳಿಂದ ಅದನ್ನು ಬೇರೆ ಮಾಡಿದರು. ಟ್ರಾಮ್ ಹೋಗುವಾಗ ಚೌಕಕ್ಕೆ 600, ರೈಲು ಬರುವಾಗ 1500. ಈ ಬದಲಾವಣೆಯನ್ನು ಸಿಗ್ನಲ್ಲಿಗೇ ಕಟ್ಟಿಹಾಕಿದರು. ಮೊದಲು ಗೇಟು ಮುಚ್ಚಬೇಕು, ಟ್ರಾಮಿಗೆ ಕೆಂಪು ದೀಪ ಬೀಳಬೇಕು, ಚೌಕದ ಕರೆಂಟು ಬದಲಾಗಬೇಕು. ಇಷ್ಟಾದ ಮೇಲೇ ರೈಲಿಗೆ ದಾರಿ. ಅವಸರ ಮಾಡಿ ಮೊದಲೇ ಸಿಗ್ನಲ್ ಕೊಡೋಣ ಅಂದರೂ ಆಗದು. ಇದೇ ಇಂಟರ್‌ಲಾಕಿಂಗ್.

ನಮ್ಮ ಕಡೆಯ ಇಂಟರ್‌ಲಾಕ್ ಆದ ರೈಲ್ವೆ ಗೇಟಿನದೂ ಇದೇ ತತ್ವ. ಗೇಟು ಮುಚ್ಚಿ ಬೀಗ ಬೀಳದೆ ಸಿಗ್ನಲ್ ಬಿಡುವುದಿಲ್ಲ. ಇಂಟರ್‌ಲಾಕ್ ಇಲ್ಲದ ಕಡೆ ಸ್ಟೇಷನ್ ಮಾಸ್ಟರೂ ಗೇಟ್‌ಮನ್ನೂ ಫೋನಿನಲ್ಲಿ 'ಪ್ರೈವೇಟ್ ನಂಬರ್' ಹೇಳಿಕೊಂಡು ಖಾತರಿ ಮಾಡಿಕೊಳ್ಳುತ್ತಾರೆ. ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಾ ಬೈಯುವ ನಮಗೆ ಇದೆಲ್ಲ ಕಾಣಿಸುವುದೇ ಇಲ್ಲ.

ತಂತಿಯ ಜಗಳವೂ ಈಗ ನಮ್ಮಲ್ಲಿಗೆ ಬಂದಿದೆ, ಬೇರೆ ವೇಷದಲ್ಲಿ. ಗುಂತಕಲ್-ಬಳ್ಳಾರಿ-ಹೊಸಪೇಟೆ ದಾರಿ ಈಗ 25,000 ವೋಲ್ಟಿನ ಎಸಿ. ಒಂದು ಸಬ್‌ಸ್ಟೇಷನ್ನಿನ ಕರೆಂಟು ಒಂದು ಫೇಸಿನದು, ಮುಂದಿನದು ಇನ್ನೊಂದರದು. ಎರಡೂ ಕೂಡಬಾರದು. ಅದಕ್ಕೆ ನಡುವೆ ಕರೆಂಟಿಲ್ಲದ ತುಂಡು ತಂತಿ, ಅದೇ ನ್ಯೂಟ್ರಲ್ ಸೆಕ್ಷನ್. 500 ಮೀಟರ್, 250 ಮೀಟರ್ ಮುಂಚೆಯೇ ಬೋರ್ಡು ಇರುತ್ತದೆ. ಡ್ರೈವರು ಬ್ರೇಕರ್ ತೆಗೆದು, ಬಂದ ವೇಗದಲ್ಲೇ ಗಾಡಿ ಉರುಳಿಸಿ, ದಾಟಿದ ಮೇಲೆ ಮತ್ತೆ ಹಾಕುತ್ತಾನೆ. ಮೆಲ್ಬೋರ್ನ್‌ನಲ್ಲಿ ತಂತಿಯೇ ಕರೆಂಟು ಬದಲಿಸಿಕೊಳ್ಳುತ್ತದೆ, ನಮ್ಮಲ್ಲಿ ಗಾಡಿಯೇ ಕರೆಂಟು ಬಿಟ್ಟು ದಾಟುತ್ತದೆ. ಅಷ್ಟೇ ವ್ಯತ್ಯಾಸ.

ಮೆಲ್ಬೋರ್ನ್‌ನ ಗಾರ್ಡಿನರ್ ಚೌಕ 2016ರಲ್ಲಿ ಹೋಯಿತು, ಗ್ಲೆನ್ ಹಂಟ್ಲಿ 2023ರಲ್ಲಿ. ಎರಡೂ ಕಡೆ ರೈಲನ್ನು ರಸ್ತೆಯ ಕೆಳಗೆ ಇಳಿಸಿದರು. ಉಳಿದದ್ದು ಕೂಯಾಂಗ್, ರಿವರ್ಸ್‌ಡೇಲ್ ಎರಡೇ. ಹೋಗಿದ್ದು ಒಳ್ಳೆಯದೇ ಅನ್ನುತ್ತೇನೆ. ಎಂಥ ಇಂಟರ್‌ಲಾಕಿಂಗ್ ಇದ್ದರೂ ಗೇಟಿನ ಕೆಳಗೆ ನುಸುಳುವವನನ್ನು ತಡೆಯಲಾರದು, ಸೇತುವೆ ತಡೆಯುತ್ತದೆ. ಆದರೆ ನೂರು ವರ್ಷ ಒಂದೇ ತಂತಿಯಲ್ಲಿ ಇಬ್ಬರನ್ನು ಸುರಕ್ಷಿತವಾಗಿ ದಾಟಿಸಿದ ಆ ಬುದ್ಧಿಯನ್ನು ಮರೆಯಬಾರದು. ಮುಂದಿನ ಸಲ ಗೇಟು ಬಿದ್ದಾಗ ಎರಡು ನಿಮಿಷ ಇಂಜಿನ್ ಆಫ್ ಮಾಡಿ. ಸಿಗ್ನಲ್ ಬಿಡುವ ಮುಂಚೆ ಅಲ್ಲಿ ಎಷ್ಟು ಕೆಲಸ ಸಾಲಾಗಿ ನಡೆದಿದೆ ಅಂತ ನಿಮಗೀಗ ಗೊತ್ತಲ್ಲ.