ಹಳಿ ತಡೆದವರ ಕೈಗೆ ಹಸಿರು ಬಾವುಟ

ನೆಟ್ಟಣದ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದವರಿಗೆ ಬೋರ್ಡಿನ ಮೇಲೆ ಕಾಣುವ ಹೆಸರು 'ಸುಬ್ರಹ್ಮಣ್ಯ ರೋಡ್'. ಕುಕ್ಕೆಗೆ ಹೋಗುವ ಭಕ್ತರು ಇಳಿದು, ಜೀಪು ಬಸ್ಸು ಹತ್ತಿ ಹೊರಟುಬಿಡುತ್ತಾರೆ. ನಮ್ಮಂಥ ಊರಿನವರಿಗೆ ಮಾತ್ರ ಅದು ಇವತ್ತಿಗೂ ನೆಟ್ಟಣವೇ. 1996ರಲ್ಲಿ ಗೇಜ್ ಬದಲಾವಣೆಗೆಂದು ಈ ಹಾದಿಯ ಮೀಟರ್ ಗೇಜ್ ಬಂಡಿ ನಿಂತಾಗ ನಾನು ಪ್ರೈಮರಿ ಶಾಲೆಯ ಹುಡುಗ. ಘಾಟಿಯ ಮೇಲೆ ಮತ್ತೆ ಪ್ರಯಾಣಿಕರ ರೈಲು ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ನಾನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿ ಆಗಿತ್ತು.

2019ರ ಜನವರಿ 29ರಂದು ಜಾರ್ಜ್ ಫರ್ನಾಂಡಿಸ್ ತೀರಿಕೊಂಡರು. ಆ ರಾತ್ರಿ ನಾವು ಒಂದು ಗಂಟೆಯ ಕಾರ್ಯಕ್ರಮ ಮಾಡಿದೆವು. ಮುಗಿಸಿ ಹೊರಗೆ ಬಂದಾಗ ಊರಿನಿಂದ ಮಾವನ ಫೋನು. "ಅಲ್ಲ ಮಾರಾಯ, ಮುಷ್ಕರ ಹೇಳಿದಿರಿ, ಕೈಕೋಳ ಹಾಕಿದ ಫೋಟೋ ಹತ್ತು ಸಲ ತೋರಿಸಿದಿರಿ. ರೈಲ್ವೆ ಮಂತ್ರಿಯಾಗಿ ಅವರು ಎಂತ ಮಾಡಿದ್ದು ಅಂತ ಒಂದು ನಿಮಿಷ ಹೇಳಿದ್ದುಂಟಾ?" ನನ್ನಲ್ಲಿ ಉತ್ತರ ಇರಲಿಲ್ಲ. ಯಾಕೆಂದರೆ ಹೇಳಿರಲಿಲ್ಲ. ಈ ಬರಹ ಆ ಬಾಕಿಯ ಚುಕ್ತಾ.

ಮೊದಲಿನಿಂದ ನೋಡೋಣ. ಜಾರ್ಜ್ ಹುಟ್ಟಿದ್ದು 1930ರ ಜೂನ್ 3ರಂದು, ಮಂಗಳೂರಿನಲ್ಲಿ. ಐದನೇ ಜಾರ್ಜ್ ದೊರೆಯ ಜನ್ಮದಿನವೂ ಅದೇ, ಹಾಗಾಗಿ ತಾಯಿ ಅದೇ ಹೆಸರಿಟ್ಟರು. ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಗುರುಗಳ ಪಂಕ್ತಿಗೂ ವಿದ್ಯಾರ್ಥಿಗಳ ಪಂಕ್ತಿಗೂ ಇದ್ದ ವ್ಯತ್ಯಾಸ ಸಹಿಸದೆ ಹುಡುಗ ಹೊರಬಿದ್ದ. 1949ರಲ್ಲಿ ಮುಂಬೈ ಸೇರಿ, ಚೌಪಾಟಿಯ ಬೆಂಚಿನ ಮೇಲೆ ರಾತ್ರಿ ಕಳೆದ. ಕರಾವಳಿಯಿಂದ ಮುಂಬೈ ಹೋಟೆಲುಗಳಿಗೆ ಹೋದ ಸಾವಿರಾರು ಹುಡುಗರ ಕತೆಯೂ ಇದೇ ಅಲ್ವಾ? ವ್ಯತ್ಯಾಸ ಇಷ್ಟೇ: ಈ ಹುಡುಗ ಕೆಲಸಗಾರರನ್ನು ಒಟ್ಟು ಸೇರಿಸಿದ. ಬಂದರಿನವರು, ಬೆಸ್ಟ್ ಬಸ್ಸಿನವರು, ಟ್ಯಾಕ್ಸಿಯವರು, ಪಾಲಿಕೆಯ ಪೌರಕಾರ್ಮಿಕರು ಅವರ ಹಿಂದೆ ನಿಂತರು. ಅವರು ಕರೆ ಕೊಟ್ಟ ದಿನ ಮುಂಬೈ ನಿಂತುಹೋಗುತ್ತಿತ್ತು.

1961ರಲ್ಲಿ ಅವರು ಮುಂಬೈ ಮಹಾನಗರ ಪಾಲಿಕೆಗೆ ಆರಿಸಿ ಬಂದರು. 1967ರ ಲೋಕಸಭೆ ಚುನಾವಣೆಯಲ್ಲಿ ದಕ್ಷಿಣ ಮುಂಬೈಯಲ್ಲಿ ನಿಂತದ್ದು ಎಸ್.ಕೆ. ಪಾಟೀಲರ ಎದುರು. ಪಾಟೀಲರು ಮೂರು ಸಲ ಮುಂಬೈಯ ಮೇಯರ್ ಆಗಿದ್ದವರು, 'ಮುಂಬೈಯ ಕಿರೀಟವಿಲ್ಲದ ದೊರೆ' ಎನಿಸಿಕೊಂಡವರು. ಅವರು ಸೋತರು. ಆಗ ಪಾಟೀಲರ ಕೈಯಲ್ಲಿದ್ದ ಖಾತೆ ಯಾವುದು ಗೊತ್ತಾ? ರೈಲ್ವೆ! ಆವತ್ತು ರೈಲ್ವೆ ಮಂತ್ರಿಯನ್ನು ಸೋಲಿಸಿದವರು 22 ವರ್ಷ ಕಳೆದು ಅದೇ ಕುರ್ಚಿಯಲ್ಲಿ ಕೂತರು.

ಇಲ್ಲಿ ಒಂದು ಸಣ್ಣ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಟ್ಯಾಕ್ಸಿ ಓಡಿಸುವವನಿಗೆ ಬ್ಯಾಂಕುಗಳು ಸಾಲ ಕೊಡದ ಕಾಲ ಅದು. 1968ರಲ್ಲಿ ಜಾರ್ಜ್ 'ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕ್' ಕಟ್ಟಿದರು. ಇದ್ದ ಬ್ಯಾಂಕು ಬಾಗಿಲು ಹಾಕಿದಾಗ ಅವರು ಅದರ ಮುಂದೆ ಘೋಷಣೆ ಕೂಗಿ ಸುಮ್ಮನಾಗಲಿಲ್ಲ, ಹೊಸ ಬ್ಯಾಂಕನ್ನೇ ತೆರೆದರು.

ಇನ್ನು 1974. ಜಾರ್ಜ್ ಆಗ ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ನಿನ ಅಧ್ಯಕ್ಷ. ಎಂಟು ಗಂಟೆಯ ಕೆಲಸ, ಬೋನಸ್, ಸರ್ಕಾರಿ ಉದ್ದಿಮೆಗಳ ನೌಕರರಿಗೆ ಸಮನಾದ ಸಂಬಳ: ಇವು ಮುಖ್ಯ ಬೇಡಿಕೆಗಳು. ಮೇ 2ರಂದೇ ಅವರನ್ನು ಲಖನೌದಲ್ಲಿ ಬಂಧಿಸಿದರು. ಆದರೂ ಮೇ 8ಕ್ಕೆ ಮುಷ್ಕರ ಶುರುವಾಯಿತು. ಸುಮಾರು 17 ಲಕ್ಷ ನೌಕರರು ಇಳಿದಿದ್ದರು ಎನ್ನುತ್ತಾರೆ. ಸಾವಿರಾರು ಜನ ಜೈಲಿಗೆ ಹೋದರು, ಕ್ವಾರ್ಟರ್ಸಿನಿಂದ ಸಂಸಾರಗಳನ್ನು ಹೊರಹಾಕಿದರು. ಮೇ 27ಕ್ಕೆ ಮುಷ್ಕರ ಹಿಂತೆಗೆಯಬೇಕಾಯಿತು. ಲೆಕ್ಕಕ್ಕೆ ನೋಡಿದರೆ ಅದು ಸೋಲು. ಆದರೆ ಕೆಲಸ ಕಳೆದುಕೊಂಡವರನ್ನು 1977ರ ಜನತಾ ಸರ್ಕಾರದ ರೈಲ್ವೆ ಮಂತ್ರಿ ಮಧು ದಂಡವತೆ ಮತ್ತೆ ಸೇರಿಸಿಕೊಂಡರು. ಬೋನಸ್ 1979ರ ಹೊತ್ತಿಗೆ ಬಂತು. ಬೀದಿಯಲ್ಲಿ ಕೇಳಿದ್ದು ಕೊನೆಗೆ ಸಿಕ್ಕಿದ್ದು ಕುರ್ಚಿಯಿಂದ.

ಅದೇ 1979ರಲ್ಲಿ ಹಾಸನ–ಮಂಗಳೂರು ಮೀಟರ್ ಗೇಜ್ ಹಾದಿಯೂ ಪೂರ್ತಿಯಾಯಿತು. ಸಕಲೇಶಪುರದಿಂದ ನೆಟ್ಟಣಕ್ಕೆ 55 ಕಿಲೋಮೀಟರ್, 57 ಸುರಂಗ. ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ರೈಲಿಗೆ ಇದು ಭಯಂಕರ ಚಡಾವು. ಕಬ್ಬಿಣದ ಮೇಲೆ ಕಬ್ಬಿಣದ ಚಕ್ರಕ್ಕೆ ಹಿಡಿತ ಕಮ್ಮಿ, ಮಳೆ ಬಂದರೆ ಇನ್ನೂ ಕಮ್ಮಿ. ಮತ್ತೆ ನಮ್ಮ ಮಳೆ ಗೊತ್ತಲ್ಲ!

ಈಗ 1989ಕ್ಕೆ ಬನ್ನಿ. ವಿ.ಪಿ. ಸಿಂಗ್ ಸರ್ಕಾರ, ಜಾರ್ಜ್ ರೈಲ್ವೆ ಮಂತ್ರಿ. ಸಿಕ್ಕಿದ್ದು ಬರೀ ಹನ್ನೊಂದು ತಿಂಗಳು. ಮಂಗಳೂರಿಗೆ ದಕ್ಷಿಣದಿಂದ ರೈಲು ಬಂದದ್ದು 1907ರಲ್ಲಿ. ಉತ್ತರಕ್ಕೆ, ಕರಾವಳಿಗುಂಟ ಮುಂಬೈಗೆ 80 ವರ್ಷ ಕಳೆದರೂ ಹಳಿ ಇರಲಿಲ್ಲ. ಕಾರಣ ಒಂದೇ, ದುಡ್ಡಿಲ್ಲ. ವರ್ಷ ವರ್ಷ ಬಜೆಟ್ಟಿನಲ್ಲಿ ಚೂರುಪಾರು ಕೊಟ್ಟರೆ ಈ ನದಿ, ಈ ಗುಡ್ಡ ದಾಟಲು ಒಂದು ತಲೆಮಾರೇ ಬೇಕು.

ಇಲ್ಲಿ ಆ ಟ್ಯಾಕ್ಸಿ ಬ್ಯಾಂಕು ನೆನಪಿಗೆ ಬರುತ್ತದೆ. ಇದ್ದ ವ್ಯವಸ್ಥೆ ದುಡ್ಡು ಕೊಡುವುದಿಲ್ಲವೇ? ಹಾಗಾದರೆ ಹೊಸ ಸಂಸ್ಥೆ ಕಟ್ಟು. 1990ರ ಜುಲೈ 19ರಂದು ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಕೇಂದ್ರದ ಪಾಲು 51 ಶೇಕಡಾ, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಉಳಿದ ದುಡ್ಡಿಗೆ ಪೇಟೆಯಲ್ಲಿ ಬಾಂಡ್ ಮಾರುವುದು. ಹಣಕಾಸು ಮಂತ್ರಿ ಕೊಂಕಣದವರೇ ಆದ ದಂಡವತೆ, ಚುಕ್ಕಾಣಿ ಹಿಡಿದದ್ದು ಇ. ಶ್ರೀಧರನ್. ಸೆಪ್ಟೆಂಬರ್ 15ಕ್ಕೆ ರೋಹಾದಲ್ಲಿ ಶಂಕುಸ್ಥಾಪನೆ. ನವೆಂಬರಿನಲ್ಲಿ ಸರ್ಕಾರವೇ ಬಿತ್ತು. ಆದರೆ ಕೆಲಸ ನಿಲ್ಲಲಿಲ್ಲ, ಯಾಕೆಂದರೆ ಅದು ಮಂತ್ರಿಯ ಮರ್ಜಿಯ ಮೇಲೆ ನಿಂತಿರಲಿಲ್ಲ. 1993ರಲ್ಲಿ ಮಂಗಳೂರು–ಉಡುಪಿ, 1998ರ ಜನವರಿ 26ರಂದು ಇಡೀ ಹಾದಿ. ಸುಮಾರು 740 ಕಿಲೋಮೀಟರ್, 90ಕ್ಕೂ ಹೆಚ್ಚು ಸುರಂಗ, ಎಂಟು ವರ್ಷದೊಳಗೆ.

ಇದನ್ನು ನೆಟ್ಟಣದ ಜೊತೆ ಇಟ್ಟು ನೋಡಿ. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ಜಾರ್ಜರನ್ನು ಸೋಲಿಸಿದವರು ಸಿ.ಕೆ. ಜಾಫರ್ ಷರೀಫ್. 1991ರಲ್ಲಿ ಅವರೇ ರೈಲ್ವೆ ಮಂತ್ರಿಯಾದರು, ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೋಜನೆ ತಂದರು. ಯೋಜನೆ ಸರಿಯೇ. ಗೇಜ್ ಬದಲಾದಲ್ಲೆಲ್ಲ ಮೂಟೆ ಇಳಿಸಿ ಹತ್ತಿಸುವ ಕಷ್ಟಕ್ಕೆ ಅದೇ ಮದ್ದು. ಆದರೆ ನಮ್ಮ ಘಾಟಿಯ ಕೆಲಸ ರೈಲ್ವೆ ಬಜೆಟ್ಟಿನ ಸರತಿಯಲ್ಲಿ ನಿಂತಿತು. ಮೊದಲೇ ಇದ್ದ 55 ಕಿಲೋಮೀಟರ್ ಘಾಟಿಯಲ್ಲಿ ಗೇಜ್ ಬದಲಿಸಿ ಪ್ರಯಾಣಿಕರನ್ನು ಹತ್ತಿಸಲು ಹನ್ನೊಂದು ವರ್ಷಕ್ಕೂ ಹೆಚ್ಚು ಬೇಕಾಯಿತು. ಹೊಸದಾಗಿ 740 ಕಿಲೋಮೀಟರ್ ಹಾಕಲು ಎಂಟು ವರ್ಷ ಸಾಕಾಯಿತು. ಗುಡ್ಡ ಎರಡೂ ಕಡೆ ಉಂಟು, ಮಳೆ ಎರಡೂ ಕಡೆ ಉಂಟು. ಬೇರೆಯಾಗಿದ್ದು ದುಡ್ಡಿನ ದಾರಿ.

ಹಾಗಂತ ಜಾರ್ಜರಿಗೆ ಬರೀ ಹಾರ ಹಾಕಿ ಏಳುವಂತಿಲ್ಲ. ಯಾವ ಉಪಾಯ ಹಳಿಯನ್ನು ಬೇಗ ಹುಟ್ಟಿಸಿತೋ, ಅದೇ ಮುಂದೆ ಅದರ ಕಾಲಿಗೆ ತೊಡರಿತು. ನಿಗಮ ಬೇರೆ, ಸಾಲ ಅದರದ್ದೇ, ದೊಡ್ಡ ರೈಲ್ವೆಯ ಹಾಗೆ ಬಜೆಟ್ಟಿನ ಆಸರೆ ಇಲ್ಲ. ಜೋಡಿ ಹಳಿ ಬೇಕೆಂದರೆ ದುಡ್ಡು ಎಲ್ಲಿಂದ? ರೋಹಾದಿಂದ ವೀರ್‌ವರೆಗಿನ ಸುಮಾರು 47 ಕಿಲೋಮೀಟರ್ ಜೋಡಿಯಾಗಲು 2021 ಬರಬೇಕಾಯಿತು. ಒಂಟಿ ಹಳಿಯಲ್ಲಿ ಎದುರು ಬಂಡಿ ಬಂದರೆ ಒಂದು ಬಂಡಿ ಸ್ಟೇಷನ್ನಿನಲ್ಲಿ ಕಾಯಲೇಬೇಕು, ಅದು ಎಷ್ಟೇ ಜೋರಾಗಿ ಓಡಬಲ್ಲ ಬಂಡಿಯಾಗಿದ್ದರೂ.

ಇನ್ನೊಂದು ತೊಡಕು ನಮ್ಮ ಮನೆಬಾಗಿಲಲ್ಲೇ ಇದೆ. ಮಂಗಳೂರು ಸೆಂಟ್ರಲ್ ಪಾಲಕ್ಕಾಡ್ ವಿಭಾಗಕ್ಕೆ, ನೆಟ್ಟಣದ ಹಾದಿ ಮೈಸೂರು ವಿಭಾಗಕ್ಕೆ, ತೋಕೂರಿನಿಂದಾಚೆ ಕೊಂಕಣ ನಿಗಮಕ್ಕೆ. ಒಂದೇ ಜಿಲ್ಲೆಗೆ ಮೂವರು ಯಜಮಾನರು! ಒಂದು ರೈಲು ಬೇಕೆಂದು ಅರ್ಜಿ ಹಿಡಿದು ಹೊರಟವನು ಯಾರ ಬಾಗಿಲು ತಟ್ಟಬೇಕು? ನಮ್ಮಲ್ಲಿ ರೈಲು ಓಡಿಸುವುದೂ, ದರ ಕಟ್ಟುವುದೂ, ದೂರು ಕೇಳುವುದೂ ಹೆಚ್ಚುಕಮ್ಮಿ ಒಂದೇ ಮನೆಯವರು. ಸುರಕ್ಷತೆಯ ಆಯುಕ್ತರು ಮಾತ್ರ ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿದ್ದಾರೆ, ರೈಲ್ವೆಯ ತಪ್ಪನ್ನು ರೈಲ್ವೆಯೇ ತೀರ್ಮಾನ ಮಾಡಬಾರದೆಂದು. ದರ ಮತ್ತು ಸೇವೆಯ ಮೇಲೆ ಕಣ್ಣಿಡಲು ಪ್ರಾಧಿಕಾರ ಬೇಕೆಂದು ಕೇಂದ್ರ ಸಂಪುಟ 2017ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಆ ಮಾತನ್ನು ಮತ್ತೆ ಮತ್ತೆ ಕೇಳಬೇಕಾದವರು ನಾವು, ಅಂದರೆ ನೀವೂ ಸೇರಿ.

ಕಳೆದ ಸಲ ಊರಿಗೆ ಹೋದಾಗ ಮಾವನಿಗೆ ಇಷ್ಟೂ ಹೇಳಿದೆ. ಕೇಳಿ ಅವರು, "ಹಾಗಾದ್ರೆ ಆ ಫೋಟೋ ಒಂದೇ ಸಲ ತೋರಿಸಿ, ಇದನ್ನು ಹತ್ತು ಸಲ ಹೇಳಿ" ಎಂದರು. ಅಷ್ಟರಲ್ಲಿ ಘಾಟಿಯ ಕಡೆಯಿಂದ ಒಂದು ಗೂಡ್ಸ್ ಬಂಡಿ ಬ್ರೇಕು ಹಿಡಿದುಕೊಂಡು ಮೆಲ್ಲ ಇಳಿಯುತ್ತಿತ್ತು. ನಾವಿಬ್ಬರೂ ಸುಮ್ಮನೆ ನಿಂತು ಕೊನೆಯ ಡಬ್ಬಿ ದಾಟುವವರೆಗೆ ನೋಡಿದೆವು.