ಗ್ರೇ ಮಾರ್ಕೆಟ್ ಕಾರುಗಳ ಕಥೆ

ಈ ಸಲದ ಯುಗಾದಿ ಊಟದ ಸಾಲಿನಲ್ಲಿ ನಮ್ಮ ಹುಡುಗರು ಒಂದೇ ವಿಷಯ ಮಾತಾಡುತ್ತಿದ್ದರು: ಜಪಾನಿನಿಂದ ಹಳೆಯ ನಿಸ್ಸಾನ್ ಸ್ಕೈಲೈನ್ ತರಿಸುವುದು. ಅವರಲ್ಲಿ ನಮ್ಮ ಮಗನೂ ಒಬ್ಬ. ಪಕ್ಕದಲ್ಲಿ ಒಬ್ಬಟ್ಟು ಬಡಿಸಿಕೊಳ್ಳುತ್ತಿದ್ದ ಹಿರಿಯ ವೈದ್ಯರೊಬ್ಬರು ನಕ್ಕು, “ನಾನೂ ಒಂದು ಕಾಲದಲ್ಲಿ ತರಿಸಿದ್ದೆ ಕಣಪ್ಪಾ, ಜರ್ಮನಿಯಿಂದ” ಎಂದರು. ಅವರ ಕಥೆ ಕೇಳಿದ ಮೇಲೆ, ಅದರ ಹಿಂದಿನ ಇತಿಹಾಸವನ್ನು ಸದಸ್ಯರೊಡನೆ ಹಂಚಿಕೊಳ್ಳಬೇಕೆನಿಸಿತು.

ಅಮೆರಿಕದಲ್ಲಿ ಕಾರುಗಳ ಸುರಕ್ಷತೆಗೆ ಕೇಂದ್ರ ಸರ್ಕಾರದ ಕಾನೂನು ಬಂದದ್ದು 1966ರಲ್ಲಿ. 1968ರ ಜನವರಿಯಿಂದ ತಯಾರಾದ ಪ್ರತಿ ಕಾರೂ ಅದರ ನಿಯಮಗಳಿಗೆ ಒಳಪಟ್ಟಿತು. 1970ರ ವಾಯುಮಾಲಿನ್ಯ ಕಾನೂನಿನಿಂದ ಹೊಗೆಗೂ ಮಿತಿ ಬಂತು. ಯುರೋಪಿನಲ್ಲಿ ಮಾರುವ ಕಾರು ಎಷ್ಟೇ ಒಳ್ಳೆಯದಾದರೂ ಈ ನಿಯಮಗಳಿಗೆ ಹೊಂದುತ್ತಿರಲಿಲ್ಲ. ಹಾಗಾಗಿ ಬಹಳ ವರ್ಷ ಹೊರಗಿನಿಂದ ಸ್ವಂತಕ್ಕೆ ಕಾರು ತರಿಸುವವರು ವಿರಳ.

1980ರ ನಂತರ ಎರಡು ಸಂಗತಿಗಳು ಕೂಡಿಬಂದವು. ಮೊದಲನೆಯದು ಡಾಲರಿನ ಏರಿಕೆ. 1980ರ ಮೊದಲಲ್ಲಿ ಒಂದು ಡಾಲರಿಗೆ ಎರಡು ಜರ್ಮನ್ ಮಾರ್ಕ್ ಕೂಡ ಸಿಗುತ್ತಿರಲಿಲ್ಲ. 1985ರ ಫೆಬ್ರವರಿ ಹೊತ್ತಿಗೆ 3.4ಕ್ಕೂ ಹೆಚ್ಚು ಸಿಗುತ್ತಿತ್ತು. ಎರಡನೆಯದು ಆಸೆ. ಬೆಂಜ್ ಕಂಪನಿಯ 500 ಎಸ್‌ಇಎಲ್ ಯುರೋಪಿನಲ್ಲಿ ಓಡಾಡುತ್ತಿದ್ದರೂ 1984ರ ಮಾಡೆಲಿನವರೆಗೆ ಇಲ್ಲಿನ ಡೀಲರುಗಳ ಬಳಿ ಸಿಗುತ್ತಿರಲಿಲ್ಲ. ಅದು ಬೇಕೆಂದವರು, ಅದರಲ್ಲೂ ಕೈಗೆ ಕಾಸು ಬಂದ ವೈದ್ಯರು, ವಕೀಲರು, ನೇರವಾಗಿ ಜರ್ಮನಿಯಿಂದಲೇ ತರಿಸತೊಡಗಿದರು. ಕಳ್ಳಸಾಗಣೆಯೂ ಅಲ್ಲ, ಕಂಪನಿಯ ಅಧಿಕೃತ ಮಾರಾಟವೂ ಅಲ್ಲ. ಆದ್ದರಿಂದ ಇದಕ್ಕೆ ‘ಗ್ರೇ ಮಾರ್ಕೆಟ್’ ಎಂಬ ಹೆಸರು. 1985ರಲ್ಲಿ ಹೀಗೆ ಬಂದ ಕಾರುಗಳು 60 ಸಾವಿರ ಮೀರಿದವು.

ಆದರೆ ಅಂಗಡಿಯ ಬೆಲೆ ಮೊದಲ ಕಂತು ಮಾತ್ರ. ಹಡಗಿನ ಬಾಡಿಗೆ, ವಿಮೆ, ಬಂದರಿನ ಖರ್ಚು, ಆಮದು ಸುಂಕ, ಕಸ್ಟಮ್ಸ್ ಏಜೆಂಟರ ಫೀ, ಪೆಟ್ರೋಲ್ ಹೆಚ್ಚು ಕುಡಿಯುವ ಕಾರಾದರೆ ಅದಕ್ಕೊಂದು ತೆರಿಗೆ. ಅದರ ಮೇಲೆ ಬಾಂಡ್ ಬರೆದುಕೊಡಬೇಕು: 120 ದಿನಗಳೊಳಗೆ ಕಾರನ್ನು ನಿಯಮಕ್ಕೆ ಹೊಂದಿಸದಿದ್ದರೆ ದೇಶದ ಹೊರಗೆ ಕಳಿಸಬೇಕು, ಇಲ್ಲವೇ ಬಾಂಡ್ ಹಣ ಕಳೆದುಕೊಳ್ಳಬೇಕು. ಹೊಂದಿಸುವುದೆಂದರೆ ಬಂಪರ್, ಹೆಡ್‌ಲೈಟ್, ಮೈಲಿ ತೋರಿಸುವ ಮೀಟರು, ಸೀಟ್ ಬೆಲ್ಟಿನ ಗಂಟೆ, ಕ್ಯಾಟಲಿಟಿಕ್ ಕನ್ವರ್ಟರ್, ಬಾಗಿಲುಗಳ ಒಳಗೆ ಉಕ್ಕಿನ ಪಟ್ಟಿ. ಇಷ್ಟಕ್ಕೂ ಸಾವಿರಾರು ಡಾಲರ್. ಸ್ವಂತಕ್ಕೆ ಮೊದಲ ಸಲ ತರಿಸುವವರಿಗೆ, ಐದು ವರ್ಷ ಹಳೆಯದಾದ ಒಂದು ಕಾರಿಗೆ ಹೊಗೆಯ ನಿಯಮದಿಂದ ವಿನಾಯಿತಿ ಇತ್ತು. ಸುರಕ್ಷತೆಯ ನಿಯಮದಿಂದ ಇರಲಿಲ್ಲ. ಅಸಲಿಗಿಂತ ಬಡ್ಡಿ ಹೆಚ್ಚು ಎನ್ನುವಂತಾಗದಿದ್ದರೂ, ಉಳಿತಾಯವೆಂದುಕೊಂಡದ್ದರಲ್ಲಿ ಬಹುಪಾಲು ಹೀಗೆಯೇ ಕರಗುತ್ತಿತ್ತು.

ನಮ್ಮ ಹಿರಿಯರು ಇಷ್ಟೂ ಖರ್ಚು ಮಾಡಿದರು. ಕಾರು ಬದಲಾಯಿಸಿಕೊಟ್ಟ ಅಂಗಡಿಯವರು ಎಲ್ಲ ಕೆಲಸ ಮುಗಿದಿದೆಯೆಂದು ಕಾಗದ ಕೊಟ್ಟರು. ನಾಲ್ಕು ವರ್ಷ ಅವರ ಮಡದಿ ಅದೇ ಕಾರಿನಲ್ಲಿ ಮಕ್ಕಳನ್ನು ಶಾಲೆಗೆ ಕರೆದೊಯ್ದರು. ಒಂದು ದಿನ ಪಾರ್ಕಿಂಗಿನಲ್ಲಿ ಯಾರೋ ಬಾಗಿಲಿಗೆ ಗುದ್ದಿದರು. ರಿಪೇರಿಯವನು ಬಾಗಿಲು ಬಿಚ್ಚಿ ತೋರಿಸಿದ: ಒಳಗೆ ಉಕ್ಕಿನ ಪಟ್ಟಿಯೇ ಇರಲಿಲ್ಲ! ಅಂಗಡಿ ಆ ವೇಳೆಗೆ ಬಾಗಿಲು ಹಾಕಿತ್ತು. ಪಕ್ಕದಿಂದ ಡಿಕ್ಕಿಯಾದಾಗ ದೇಹಕ್ಕೂ ಎದುರಿನ ವಾಹನಕ್ಕೂ ನಡುವೆ ಆ ಬಾಗಿಲಲ್ಲದೆ ಬೇರೇನೂ ಇರುವುದಿಲ್ಲ. ಎಮರ್ಜೆನ್ಸಿ ವಿಭಾಗದಲ್ಲಿ ಅಂಥವರನ್ನು ಕಂಡ ನಮಗೆ ಈ ಮಾತು ಕೇಳಿ ಊಟ ಸೇರಲಿಲ್ಲ.

ಇದು ಅವರೊಬ್ಬರ ಅನುಭವವಷ್ಟೇ ಅಲ್ಲ. ಗ್ರೇ ಮಾರ್ಕೆಟ್ ಕಾರುಗಳು ನಿಯಮ ಪಾಲಿಸುತ್ತವೆಂಬ ಭರವಸೆಯೇ ಇಲ್ಲವೆಂದು ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 1986ರಲ್ಲಿ ವರದಿ ಕೊಟ್ಟಿತು. ಇತ್ತ ತಮ್ಮ ವ್ಯಾಪಾರ ಕೆಡುತ್ತದೆಂದು ಬೆಂಜ್ ಕಂಪನಿಯ ಇಲ್ಲಿನ ಶಾಖೆಯೂ ಡೀಲರುಗಳೂ ಒತ್ತಡ ತಂದರು. ಜನರ ಕ್ಷೇಮ, ವ್ಯಾಪಾರಿಗಳ ಲಾಭ ಎರಡೂ ಸೇರಿ 1988ರಲ್ಲಿ ಹೊಸ ಕಾನೂನಾಯಿತು. 1990ರ ಜನವರಿ ಕೊನೆಯಿಂದ ಜಾರಿಗೆ ಬಂತು. ಅಂದಿನಿಂದ ಇಂಥ ಕಾರನ್ನು ನೋಂದಾಯಿತ ಆಮದುದಾರರ ಮೂಲಕವೇ ತರಿಸಬೇಕು. ಬಾಂಡ್ ಕಾರಿನ ಬೆಲೆಯ ಒಂದೂವರೆ ಪಟ್ಟು. ಅಷ್ಟರಲ್ಲಿ ಡಾಲರೂ ಇಳಿದಿತ್ತು. 1987ರ ಕೊನೆಗೆ 1.6 ಮಾರ್ಕಿನ ಆಸುಪಾಸು. ಗ್ರೇ ಮಾರ್ಕೆಟ್ ತಾನಾಗಿ ಬತ್ತಿತು.

ಅದೇ ಕಾನೂನು ಒಂದು ಕಿಂಡಿ ಉಳಿಸಿತು: 25 ವರ್ಷ ತುಂಬಿದ ಕಾರಿಗೆ ಸುರಕ್ಷತೆಯ ನಿಯಮ ಅನ್ವಯಿಸದು. ಹೊಗೆಯ ನಿಯಮಕ್ಕೆ, ಎಂಜಿನ್ ಮೂಲದ್ದೇ ಆಗಿದ್ದರೆ, 21 ವರ್ಷ ಸಾಕು. ಹುಡುಗರ ಕಣ್ಣು ಬಿದ್ದಿರುವುದು ಇಲ್ಲಿಯೇ. 1999ರ ಜನವರಿಯಲ್ಲಿ ಬಿಡುಗಡೆಯಾದ ಆರ್34 ಸ್ಕೈಲೈನ್ ಜಿಟಿ-ಆರ್ ಈ ಕಿಂಡಿಗೆ ಬಂದದ್ದು 2024ರಲ್ಲಿ. ಆದರೆ ಲೆಕ್ಕ ಹಿಡಿಯುವುದು ತಯಾರಾದ ತಿಂಗಳನ್ನು, ಮಾಡೆಲಿನ ವರ್ಷವನ್ನಲ್ಲ. ಕೇಂದ್ರ ಒಪ್ಪಿದರೂ ರಾಜ್ಯದ ನೋಂದಣಿ ಬೇರೆ. ಕ್ಯಾಲಿಫೋರ್ನಿಯಾ ಹೊಗೆಗೆ ತನ್ನದೇ ಪರೀಕ್ಷೆ ಕೇಳುತ್ತದೆ. 2025ರಲ್ಲಿ ಸುಂಕಗಳೂ ಬದಲಾಗಿವೆ. ಬಲಗಡೆ ಸ್ಟೀರಿಂಗ್ ಊರಲ್ಲಿ ಗಾಡಿ ಕಲಿತ ನಮಗೆ ಹೊಸದಲ್ಲ, ಇಲ್ಲೇ ಹುಟ್ಟಿದವರಿಗೆ ಹೊಸದು.

ನಾವು ಮಗನಿಗೆ ಬೇಡವೆಂದು ಹೇಳಿಲ್ಲ. ಅವನ ದುಡಿಮೆಯ ಹಣ, ಅವನ ಆಸೆ. ಹಿರಿಯರು ಅಂದು ಕೈ ತೊಳೆಯುತ್ತ ಹೇಳಿದ್ದನ್ನೇ ನಾವೂ ಹೇಳಿದ್ದೇವೆ: “ಕಾಗದ ಓದಿ ಸುಮ್ಮನಾಗಬೇಡಪ್ಪಾ, ಬಾಗಿಲು ಬಿಚ್ಚಿಸಿ ನೋಡು.” ಆ ಕಾಲದಲ್ಲಿ ಕಾರು ತರಿಸಿದ ಹಿರಿಯರು ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ. ಹಣ ಕಳಿಸುವ ಮೊದಲು ಅವರನ್ನೊಮ್ಮೆ ಕೇಳಿ.